ಖಾಲಿ ಬಿಲ್ಲೆಗೆ ಕುಂಕುಮ

ಐರ್ಲೆಂಡಿನ ಲಿಮೆರಿಕ್ ಊರಿನ ಸತ್ಯಪ್ರಕಾಶ ಸ್ಕ್ರ್ಯಾಬಲ್ ಆಟಗಾರನಾದದ್ದು ಮಳೆಯಿಂದ. ಮುಂದೆ ಅವನ ಜೀವನಚರಿತ್ರೆ ಬರೆಯುವವರು ಬೇರೆ ಕಾರಣ ಹುಡುಕಿ ಸುಸ್ತಾಗುವುದು ಬೇಡ. ಒಂದು ಬುಧವಾರ ಸಂಜೆ ಮಗಳ ಪುಸ್ತಕ ವಾಪಸು ಕೊಡಲು ಬಡಾವಣೆಯ ಲೈಬ್ರರಿಗೆ ಹೋಗಿದ್ದ. ಕೊಟ್ಟು ಹೊರಡುವಷ್ಟರಲ್ಲಿ ಮಳೆ ಅಡ್ಡಡ್ಡಲಾಗಿ ಬೀಳತೊಡಗಿತು. ಕೊಡೆ ಕಾರಿನಲ್ಲಿತ್ತು, ಕಾರು ಮಳೆಯಲ್ಲಿತ್ತು. ಎರಡು ನಿಮಿಷ ಒಂದೇ ಕಡೆ ನಿಂತರೆ ಸತ್ಯಪ್ರಕಾಶನ ಕಾಲು ತಾನಾಗಿ ಕುಣಿಯಲು ಶುರುಮಾಡುತ್ತದೆ. ಹಾಗೆ ಕುಣಿಯುವ ಕಾಲನ್ನು ಎಳೆದುಕೊಂಡು ಕಪಾಟುಗಳ ನಡುವೆ ನಾಲ್ಕನೆಯ ಸುತ್ತು ಹಾಕುತ್ತಿದ್ದವನನ್ನು ಮೂಲೆಯ ಮೇಜಿನಿಂದ ಒಬ್ಬ ಅಜ್ಜಿ ಕರೆದಳು.

"ನಂಗೂ ಜೋಡಿ ಬಂದಿಲ್ಲ. ಬಾ, ಕೂತ್ಕೋ."

ಅಜ್ಜಿಯ ಹೆಸರು ನೊರೀನ್. ಎಪ್ಪತ್ತೆಂಟು ವರ್ಷ. ಕುತ್ತಿಗೆಯಲ್ಲಿ ಎರಡು ಕನ್ನಡಕ, ಮಡಿಲಲ್ಲಿ ಹೆಣಿಗೆ. ಆಟವನ್ನು ಅವಳು ಐದು ನಿಮಿಷದಲ್ಲಿ ಕಲಿಸಿದಳು. ಚೀಲದಲ್ಲಿ ನೂರು ಬಿಲ್ಲೆ, ಒಂದೊಂದರ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ. ನೋಡದೆ ಕೈ ಹಾಕಿ ಏಳು ತೆಗೆಯಬೇಕು, ತನಗೆ ಮಾತ್ರ ಕಾಣುವಂತೆ ಪುಟ್ಟ ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಳ್ಳಬೇಕು, ಹಲಗೆಯ ಮೇಲೆ ಪದ ಕಟ್ಟಬೇಕು. ನೂರರಲ್ಲಿ ಎರಡು ಬಿಲ್ಲೆಗಳ ಮೇಲೆ ಮಾತ್ರ ಏನೂ ಬರೆದಿರುವುದಿಲ್ಲ. ಅವು ಯಾವ ಅಕ್ಷರ ಬೇಕಾದರೂ ಆಗಬಹುದು; ಆದ್ದರಿಂದ ಅವಕ್ಕೇ ಎಲ್ಲಕ್ಕಿಂತ ಹೆಚ್ಚು ಬೆಲೆ. ತಾನು ಸಾಫ್ಟ್‌ವೇರ್ ಟೆಸ್ಟರ್ ಆಗಿರುವ ಕಂಪನಿಯಲ್ಲೂ ಮ್ಯಾನೇಜರುಗಳ ವಿಷಯ ಹೀಗೇ ಇರುವುದರಿಂದ ಸತ್ಯಪ್ರಕಾಶನಿಗೆ ಇದು ಥಟ್ಟನೆ ಅರ್ಥವಾಯಿತು.

ಆ ಸಂಜೆ ಇನ್ನೂರ ನಲವತ್ತು ಪಾಯಿಂಟುಗಳಿಂದ ಸೋತ. ಮುಂದಿನ ಬುಧವಾರ ಮಳೆ ಇಲ್ಲದಿದ್ದರೂ ಹೋದ.

ಏಪ್ರಿಲಿನಲ್ಲಿ ನೊರೀನ್ ತನ್ನ ಹಳೆಯ ಕಾರಿನಲ್ಲಿ ಅವನನ್ನು ಮೇನೂತ್ ಎಂಬ ಊರಿನ ಪಂದ್ಯಾವಳಿಗೆ ಕರೆದುಕೊಂಡು ಹೋದಳು. ಆಟಗಾರರ ಸಂಖ್ಯೆ ಬೆಸವಾಗಿದ್ದರೆ ಪಟ್ಟಿಯಲ್ಲಿ ಕೊನೆಯವನಿಗೆ ಜೋಡಿ ಸಿಗುವುದಿಲ್ಲ. ಅವನು ಆ ಸುತ್ತನ್ನು ಆಡದೆಯೇ ಗೆದ್ದಂತೆ ಎಂಬುದು ಆ ಲೋಕದ ನಿಯಮ. ಸತ್ಯಪ್ರಕಾಶ ಮೊದಲ ಸುತ್ತಿನಲ್ಲಿ ಎರಡು ಸ್ಕೋನ್ ಬನ್ ತಿಂದು ಗೆದ್ದ. ಉಳಿದ ಐದು ಸುತ್ತುಗಳನ್ನು ಆಡಿ ಸೋತ. ಹೊರಡುವಾಗ ಎಲ್ಲರಿಗೂ ಒಂದೊಂದು ಮಗ್ ಹಂಚಿದರು. ಅದರ ಮೇಲೆ ಹಸಿರು ಅಕ್ಷರದಲ್ಲಿ 'ಆಲ್ ಐರ್ಲೆಂಡ್ ಓಪನ್' ಎಂದು ಅಚ್ಚಾಗಿತ್ತು. ಆ ಮಗ್ ಅಡುಗೆಮನೆಯ ಕಪಾಟಿನಲ್ಲೇ ಉಳಿದಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು.

ಗಣೇಶನ ಹಬ್ಬಕ್ಕೆ ಕನ್ನಡ ಬಳಗದ ಊಟ. ಪೇಪರ್ ಲೋಟದಿಂದ ಪರಿಸರ ಹಾಳು, ಎಲ್ಲರೂ ಮನೆಯಿಂದಲೇ ಲೋಟ ತನ್ನಿ ಎಂದು ವಾಟ್ಸಾಪಿನಲ್ಲಿ ಸೂಚನೆ ಬಂದಿತ್ತು. ಸತ್ಯಪ್ರಕಾಶ ಕೈಗೆ ಸಿಕ್ಕಿದ್ದನ್ನು ತಂದಿದ್ದ. ಬಳಗದ ಅಧ್ಯಕ್ಷ ಮಂಜೇಶನಿಗೆ ಸನ್ಮಾನ ಮಾಡುವ ಚಟ. ಮೂರು ವರ್ಷದಲ್ಲಿ ನಲವತ್ತೊಂದು ಜನಕ್ಕೆ ಶಾಲು ಹೊದಿಸಿದ್ದ. ಡ್ರೈವಿಂಗ್ ಟೆಸ್ಟನ್ನು ಆರನೆಯ ಸಲಕ್ಕೆ ಪಾಸು ಮಾಡಿದವರನ್ನೂ ಬಿಟ್ಟಿರಲಿಲ್ಲ. ಲಿಮೆರಿಕ್ಕಿನಲ್ಲಿ ಇನ್ನು ಸನ್ಮಾನವಾಗದೆ ಉಳಿದಿದ್ದವು ನಾಲ್ಕೇ ಮನೆ. ಹೊಸ ಸಾಧಕರು ಸಿಗದೆ ಮಂಜೇಶ ಸೊರಗಿದ್ದ.

"ಸತ್ಯಪ್ರಕಾಶ್ ಸರ್, ಏನ್ ಸರ್ ಇದು ಮಗ್ಗು? ಆಲ್ ಐರ್ಲೆಂಡಾ?"

"ಮೇನೂತಲ್ಲಿ ಕೊಟ್ರು. ಸ್ಕ್ರ್ಯಾಬಲ್."

"ನೀವು ಆಡಿದ್ರಾ? ಗೆದ್ರಾ?"

ಗೆದ್ದದ್ದು ಸುಳ್ಳಲ್ಲ. ಎಷ್ಟು ಎಂದು ಮಂಜೇಶ ಕೇಳಲಿಲ್ಲ. "ಗೆದ್ದೆ" ಎಂದ ಸತ್ಯಪ್ರಕಾಶ. ಉಳಿದದ್ದನ್ನು ಹೇಳಲು ಬಾಯಿ ತೆರೆದ. ಅದೇ ಕ್ಷಣಕ್ಕೆ ಬಡಿಸುವವರು ಬಿಸಿ ಕಡುಬು ಹಾಕಿ ಮೇಲೆ ತುಪ್ಪ ಸುರಿದರು. ಕಡುಬು ನುಂಗಿ ತಲೆ ಎತ್ತುವಷ್ಟರಲ್ಲಿ ಮಂಜೇಶನ ಕೈಯಲ್ಲಿ ಮೈಕ್ ಇತ್ತು.

"ಬಂಧುಗಳೇ, ಇಂಗ್ಲಿಷರಿಗೇ ಇಂಗ್ಲಿಷ್ ಕಲಿಸಿದ ಕನ್ನಡಿಗ, ಆಲ್ ಐರ್ಲೆಂಡ್ ಚಾಂಪಿಯನ್ ಶ್ರೀ ಸತ್ಯಪ್ರಕಾಶ್ ಅವರು ನಮ್ಮ ನಡುವೆ ಕಡುಬು ತಿನ್ನುತ್ತಿದ್ದಾರೆ."

ನವೆಂಬರ್ ಒಂದರ ರಾಜ್ಯೋತ್ಸವದಲ್ಲಿ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಮತ್ತು 'ಪದಸಾರ್ವಭೌಮ' ಎಂಬ ಬಿರುದು ಕೊಡುವುದಾಗಿ ಅಲ್ಲೇ ಘೋಷಣೆಯಾಯಿತು.

ಮನೆಗೆ ಬಂದ ಮೇಲೆ ಹೆಂಡತಿ ವಂದನಾ ಫೋನು ನೋಡುತ್ತ ಹೇಳಿದಳು. "ರೀ, ಗ್ರೂಪಲ್ಲಿ ನೂರ ಹದಿನೆಂಟು ಕಂಗ್ರಾಟ್ಸ್ ಬಂದಿದೆ. ಅದರಲ್ಲಿ ಒಂದು ನಂದು. ಯಾರಿಗೆ ಅಂತ ಓದ್ದೇ ಹಾಕ್ಬಿಟ್ಟೆ."

"ನಾಳೆ ಮಂಜೇಶ್‌ಗೆ ಫೋನ್ ಮಾಡಿ ಹೇಳ್ಬಿಡ್ತೀನಿ."

"ಇವತ್ತೇ ಹೇಳಿ."

ಇವತ್ತೇ ಹೇಳುತ್ತಿದ್ದ. ಫೋನು ಕೈಯಲ್ಲೇ ಇತ್ತು. ಅಷ್ಟರಲ್ಲಿ ಅದೇ ಹೊಡೆದುಕೊಂಡಿತು. ಡ್ರೋಹೆಡಾದಿಂದ ಅತ್ತೆ ಸಾವಿತ್ರಮ್ಮ.

ಸಾವಿತ್ರಮ್ಮನವರ ಇಬ್ಬರು ಹೆಣ್ಣುಮಕ್ಕಳೂ ಐರ್ಲೆಂಡಿನಲ್ಲಿದ್ದರು. ದೊಡ್ಡ ಅಳಿಯ ಹೃಷಿಕೇಶ್ ಡ್ರೋಹೆಡಾದಲ್ಲಿ ಹೃದಯದ ಡಾಕ್ಟರು. ಸಾವಿತ್ರಮ್ಮ ಮೈಸೂರಿನಿಂದ ತೊಂಬತ್ತು ದಿನದ ವೀಸಾದಲ್ಲಿ ಬಂದರೆ ಎಂಬತ್ತು ದಿನ ಡ್ರೋಹೆಡಾದಲ್ಲಿರುತ್ತಿದ್ದರು. ಹತ್ತು ದಿನ ಲಿಮೆರಿಕ್ಕಿಗೆ ಬಂದು ಹವಾ ಸರಿಯಿಲ್ಲ ಎನ್ನುತ್ತಿದ್ದರು. ಊರಿನವರಿಗೆ ಫೋನಿನಲ್ಲಿ, "ನಮ್ಮ ದೊಡ್ಡ ಅಳಿಯಂದಿರು ನಿನ್ನೆ ಒಂದೇ ದಿನ ಮೂರು ಹಾರ್ಟ್ ರಿಪೇರಿ ಮಾಡಿದ್ರು" ಎನ್ನುತ್ತಿದ್ದರು. ಆ ಕಡೆಯವರು ಚಿಕ್ಕ ಅಳಿಯನ ಬಗ್ಗೆ ಕೇಳಿದರೆ, "ಕಂಪ್ಯೂಟರಲ್ಲಿ ತಪ್ಪು ಹುಡುಕ್ತಾರೆ. ಸಿಕ್ಕಿದ್ರೆ ಬೇರೆಯವರಿಗೆ ಹೇಳ್ತಾರೆ" ಎಂದು ಮಾತು ಬದಲಾಯಿಸುತ್ತಿದ್ದರು. ಹದಿನಾಲ್ಕು ವರ್ಷದಿಂದ ಸತ್ಯಪ್ರಕಾಶನಿಗೆ ಇದ್ದ ಆಸೆ ಒಂದೇ. ಅತ್ತೆ ಒಂದು ಸಲವಾದರೂ ತನ್ನ ಮನೆಯಲ್ಲಿ ತಾವಾಗಿ ಇರಲು ಬಯಸಬೇಕು.

"ಅಳಿಯಂದಿರೇ, ವಿಷಯ ಗೊತ್ತಾಯ್ತು. ಮೈಸೂರಿಗೆಲ್ಲ ಹೇಳಿದೀನಿ. ಹೃಷಿಕೇಶ್‌ಗೂ ಹೇಳ್ದೆ, ಪಾಪ ಸುಮ್ನೆ ಕೂತಿದ್ರು. ಈ ಸಲ ದಸರಾ ನಿಮ್ಮ ಮನೇಲೇ ಮಾಡೋದು ಅಂತ ಇದೀನಿ. ನಿಮಗೇನೂ ತೊಂದರೆ ಇಲ್ವಲ್ಲ?"

"ಇಲ್ಲ ಅತ್ತೆ" ಎಂದ ಸತ್ಯಪ್ರಕಾಶ. ಮಂಜೇಶನಿಗೆ ಫೋನು ಹೋಗಲಿಲ್ಲ.

ಚಾಂಪಿಯನ್ ಅಲ್ಲ ಎಂದು ಹೇಳುವುದಕ್ಕಿಂತ ಚಾಂಪಿಯನ್ ಆಗಿಬಿಡುವುದೇ ಸುಲಭ ಎಂದು ಅವನು ತೀರ್ಮಾನಿಸಿದ. ನೊರೀನಳನ್ನು ಕೇಳಿದ. ಅಕ್ಟೋಬರ್ ಕೊನೆಯ ಬ್ಯಾಂಕ್ ಹಾಲಿಡೇ ಭಾನುವಾರ ಲಿಮೆರಿಕ್ಕಿನ ಹೋಟೆಲಿನಲ್ಲೇ ಪಂದ್ಯಾವಳಿ, ಎ, ಬಿ, ಸಿ ಎಂದು ಮೂರು ದರ್ಜೆ, ಪ್ರತಿ ದರ್ಜೆಗೂ ಒಂದು ಬಹುಮಾನದ ಕಪ್ಪು ಎಂದಳು.

"ಸಿ ದರ್ಜೆ ಗೆದ್ರೂ ಚಾಂಪಿಯನ್ ಅಂತಾರಾ?"

"ಅಂತಾರೆ. ನಾನು ಹನ್ನೊಂದು ವರ್ಷದಿಂದ ಅದಕ್ಕೇ ಆಡ್ತಿದೀನಿ. ಇನ್ನೂ ಯಾರೂ ನಂಗೆ ಅಂದಿಲ್ಲ."

ಅಂದಿನಿಂದ ಸತ್ಯಪ್ರಕಾಶ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಎರಡಕ್ಷರದ ಪದಗಳ ಪಟ್ಟಿಯನ್ನು ಫ್ರಿಜ್ಜಿಗೆ, ಕನ್ನಡಿಗೆ, ಕಾರಿನ ಸ್ಟೀರಿಂಗಿಗೆ ಅಂಟಿಸಿದ. ಸಿಗ್ನಲ್ಲಿನಲ್ಲಿ ಹಸಿರು ಬಿದ್ದದ್ದು ಕಾಣದೆ ಪಟ್ಟಿ ಓದುತ್ತ ಕುಳಿತು ಹಿಂದಿನ ಬಸ್ಸಿನವನಿಂದ ಹೊಸ ಪದಗಳನ್ನು ಕಲಿತ. ಆಫೀಸಿನ ಮೀಟಿಂಗಿನಲ್ಲಿ ಅವನ ಕಾಲು ಕುಣಿದು ಮೇಜು ಅಲುಗಾಡಿ ಮ್ಯಾನೇಜರಳ ಕಾಫಿ ಚೆಲ್ಲಿತು. ದಸರೆಗೆ ಬಂದಿಳಿದ ಸಾವಿತ್ರಮ್ಮ, ಬಚ್ಚಲಿನಿಂದ ಬರುವ ಗೊಣಗಾಟ ಕೇಳಿ ಕೈಮುಗಿದರು.

"ನೋಡೇ ವಂದನಾ, ಸ್ನಾನ ಮಾಡ್ತಾನೂ ಜಪ ಬಿಡಲ್ಲ."

ಹನ್ನೊಂದು ವರ್ಷದ ಮಗಳು ಮಾನ್ಯಾ ಲಿಮೆರಿಕ್ಕಿನಲ್ಲೇ ಹುಟ್ಟಿದವಳು. ಸೀರಿಯಲ್ ಬಟ್ಟಲಿನಿಂದ ತಲೆ ಎತ್ತದೆ ಹೇಳಿದಳು. "ಅಜ್ಜಿ, ದಟ್ಸ್ ನಾಟ್ ಪ್ರೇಯರ್. ದಟ್ಸ್ ಜಸ್ಟ್ ವವೆಲ್ಸ್."

ಆಯುಧಪೂಜೆಯ ದಿನ ಸತ್ಯಪ್ರಕಾಶ ರಜೆ ಹಾಕಿದ್ದ. ಒಂಬತ್ತಕ್ಕೆ ಎದ್ದು ಕೆಳಗೆ ಬಂದರೆ ಮನೆಯ ಸಮಸ್ತ ಯಂತ್ರೋಪಕರಣಗಳೂ ಹಾಲಿನಲ್ಲಿ ಸಾಲಾಗಿ ನಿಂತಿದ್ದವು. ವ್ಯಾಕ್ಯೂಮ್ ಕ್ಲೀನರ್, ಏರ್ ಫ್ರೈಯರ್, ಹುಲ್ಲು ಕತ್ತರಿಸುವ ಮೆಷಿನ್ನು, ಮಾನ್ಯಾ ಶಾಲೆಯಲ್ಲಿ ಕಮೋಗಿ ಎಂಬ ಆಟ ಆಡುವ ಕೋಲು, ಎಲ್ಲದರ ಹಣೆಗೂ ಅರಿಶಿನ ಕುಂಕುಮ. ಸತ್ಯಪ್ರಕಾಶ ತನ್ನ ಲ್ಯಾಪ್‌ಟಾಪು ತಂದಿಟ್ಟ.

"ಇದಲ್ಲ, ಅಳಿಯಂದಿರೇ. ನಿಮ್ಮ ನಿಜವಾದ ಆಯುಧ ತನ್ನಿ."

ಮಹಡಿಗೆ ಹೋಗಿ ಸ್ಕ್ರ್ಯಾಬಲ್ ಡಬ್ಬ ತಂದುಕೊಟ್ಟ. ಆಮೇಲೆ ಬೂದುಗುಂಬಳ ತರಲು ಅವನನ್ನು ಅಟ್ಟಿದರು. ಐರ್ಲೆಂಡಿನಲ್ಲಿ ಬೂದುಗುಂಬಳ ಎಲ್ಲಿ? ಮೂರು ಸೂಪರ್ ಮಾರ್ಕೆಟ್ ಸುತ್ತಿ, ಹ್ಯಾಲೊವೀನ್‌ಗೆಂದು ಇಟ್ಟಿದ್ದ ಕಿತ್ತಲೆ ಬಣ್ಣದ ಕುಂಬಳಕಾಯಿ ಹಿಡಿದುಕೊಂಡು ಬಂದ. ಕಾರಿನ ಮುಂದೆ ಒಡೆಯಲು ತಿರುಗಿಸಿ ನೋಡಿದರೆ ಅದಕ್ಕೆ ಅಂಗಡಿಯವರು ಆಗಲೇ ಕಣ್ಣು, ಮೂಗು, ಹಲ್ಲು ಕೆತ್ತಿದ್ದರು. ನಗುತ್ತಿರುವುದನ್ನು ಒಡೆಯುವುದು ಹೇಗೆ ಎಂದು ಸಾವಿತ್ರಮ್ಮ ಬಹಳ ಹೊತ್ತು ಯೋಚಿಸಿದರು. ಈ ಗಲಾಟೆಯಲ್ಲಿ, ತಾನಿಲ್ಲದಾಗ ಆಯುಧಕ್ಕೆ ಏನು ಪೂಜೆ ನಡೆಯಿತು ಎಂದು ಸತ್ಯಪ್ರಕಾಶ ಕೇಳಲಿಲ್ಲ. ಬಿಲ್ಲೆಯ ಚೀಲಕ್ಕೆ ಹೂವಿನ ದಾರ ಕಟ್ಟಿತ್ತು. "ಪಂದ್ಯದ ದಿನವೇ ಬಿಚ್ಚಿ" ಎಂದರು ಅತ್ತೆ. ಅಲ್ಲಿಯವರೆಗೆ ಅವನು ಫೋನಿನಲ್ಲೇ ಅಭ್ಯಾಸ ಮಾಡಿದ.

ಭಾನುವಾರ ಬಂತು. ಸಿ ದರ್ಜೆಯಲ್ಲಿ ಹನ್ನೊಂದು ಜನ, ಆರು ಸುತ್ತು. ಮೊದಲ ಸುತ್ತಿನಲ್ಲಿ ಸತ್ಯಪ್ರಕಾಶನಿಗೆ ಜೋಡಿಯೇ ಇಲ್ಲ, ಗೆದ್ದ. ಎರಡನೆಯ ಸುತ್ತಿನ ಎದುರಾಳಿ ಟಿಪ್ಪರರಿಯ ರೈತ. ಹಸು ಕರು ಹಾಕುತ್ತಿದೆ ಎಂದು ಫೋನ್ ಬಂದು, ನೂರ ಮೂವತ್ತು ಮುಂದಿದ್ದವನು ಟೋಪಿ ಎತ್ತಿಕೊಂಡು ಓಡಿದ. ಮೂರನೆಯದನ್ನು ಸತ್ಯಪ್ರಕಾಶ ನ್ಯಾಯವಾಗಿ ಸೋತ. ನಾಲ್ಕನೆಯ ಸುತ್ತಿನ ಹೆಂಗಸು ತನ್ನ ಗಡಿಯಾರ ಓಡುತ್ತಿರುವುದನ್ನು ಮರೆತು ಹೊರಗೆ ಸಿಗರೇಟು ಸೇದಲು ಹೋಗಿ, ಸಮಯ ಮುಗಿದು ಸೋತಳು. ಐದನೆಯ ಪಂದ್ಯವನ್ನು ಅವನು ಆಡಿಯೇ ಗೆದ್ದ, ಮೂರು ಪಾಯಿಂಟುಗಳಿಂದ. ಗೆದ್ದದ್ದು ತಿಳಿಯದೆ ಎದುರಾಳಿಯ ಕೈ ಕುಲುಕಿ ಕಂಗ್ರಾಟ್ಸ್ ಹೇಳಿಬಿಟ್ಟ.

ಹೀಗೆ ಕೊನೆಯ ಸುತ್ತಿಗೆ ಬರುವಾಗ ನಾಲ್ಕು ಗೆಲುವಿನವರು ಇಬ್ಬರೇ ಉಳಿದರು. ಸತ್ಯಪ್ರಕಾಶ ಮತ್ತು ನೊರೀನ್. ಗೆದ್ದವರಿಗೆ ಕಪ್ಪು.

ಹೊತ್ತಿಗೆ ಸರಿಯಾಗಿ ಬಳಗದವರು ಬಂದರು. ರಾಜ್ಯೋತ್ಸವದವರೆಗೆ ತಡೆದುಕೊಳ್ಳಲಾರದೆ ಮಂಜೇಶ, ಗೆದ್ದ ಕೂಡಲೇ ಹೋಟೆಲಿನಲ್ಲೇ ಪೂರ್ವಭಾವಿಯಾಗಿ ಒಂದು ಸಣ್ಣ ಸನ್ಮಾನ ಇಟ್ಟುಕೊಂಡಿದ್ದ. ಅವನ ಬಗಲಿನ ಚೀಲದಿಂದ ಮೈಸೂರು ಪೇಟದ ಜರಿ ಇಣುಕುತ್ತಿತ್ತು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಸಾವಿತ್ರಮ್ಮ, ರೇಷ್ಮೆ ಸೀರೆ, ಮೇಲೆ ದಪ್ಪ ಕೋಟು, ಕಾಲಿಗೆ ಮಾನ್ಯಾಳ ಹಳೆಯ ರನ್ನಿಂಗ್ ಷೂ. ಎರಡು ಪಕ್ಕದಲ್ಲಿ ವಂದನಾ ಮತ್ತು ಮಾನ್ಯಾ.

ಪಂದ್ಯ ನಡೆಸುವ ಅಧಿಕಾರಿ ಬ್ರೀಡಾ, ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಮೇಜಿನ ಬಿಲ್ಲೆಗಳನ್ನು ಎಣಿಸಿದಳು. ತೊಂಬತ್ತೊಂಬತ್ತೇ ಇದ್ದವು. ಒಂದು ಎಲ್ಲೋ ಬಿದ್ದುಹೋಗಿತ್ತು.

"ಯಾರ ಹತ್ರನಾದ್ರೂ ಇನ್ನೊಂದು ಸೆಟ್ ಇದೆಯಾ?"

"ನನ್ನತ್ರ ಇದೆ" ಎಂದು ಸತ್ಯಪ್ರಕಾಶ ಚೀಲದ ಹೂವಿನ ದಾರ ಬಿಚ್ಚಿದ.

"ಎಣಿಸೋ ಅಷ್ಟು ಟೈಮಿಲ್ಲ. ಆರಕ್ಕೆ ಹಾಲ್ ಬಿಟ್ಟುಕೊಡ್ಬೇಕು. ಹಾಗೇ ಆಡಿ."

ಆಟ ಶುರುವಾಯಿತು. ನೊರೀನ್ ಏಳು ತೆಗೆದಳು, ಕನ್ನಡಕ ಬದಲಿಸಿ ಜೋಡಿಸಿಕೊಂಡಳು. ಸತ್ಯಪ್ರಕಾಶ ಎದುರಿಗೆ ನೋಡಿದ. ಅವಳ ಸ್ಟ್ಯಾಂಡಿನಲ್ಲಿ ಅವನ ಕಡೆ ಬೆನ್ನು ಮಾಡಿ ನಿಂತಿದ್ದ ಏಳು ಬಿಲ್ಲೆಗಳಲ್ಲಿ ಮೂರನೆಯದರ ಬೆನ್ನಿನ ಮೇಲೆ ಕೆಂಪು ಚುಕ್ಕೆ. ಮಧ್ಯಾಹ್ನದ ಚಿಪ್ಸಿನ ಕೆಚಪ್ ಇರಬೇಕು ಎಂದುಕೊಂಡ. ತನ್ನ ಏಳು ತೆಗೆಯಲು ಚೀಲಕ್ಕೆ ಕೈ ಹಾಕಿದ. ಬೆರಳಿಗೆ ಏನೋ ಒರಟು ತಾಗಿತು. ಹೊರಗೆ ತೆಗೆದು ನೋಡಿದರೆ ಖಾಲಿ ಬಿಲ್ಲೆ. ನಡುವೆ ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ, ಒಣಗಿ ಗಟ್ಟಿಯಾಗಿ ದಪ್ಪಗೆ ಕೂತಿತ್ತು.

ಮೇಜಿನ ಕೆಳಗೆ ಅವನ ಎರಡೂ ಕಾಲು ಒಟ್ಟಿಗೆ ಕುಣಿಯತೊಡಗಿದವು.

ನೋಡದೆ ಚೀಲಕ್ಕೆ ಕೈ ಹಾಕುವ ಆಟದಲ್ಲಿ, ಎಲ್ಲಕ್ಕಿಂತ ಬೆಲೆಯ ಎರಡೇ ಎರಡು ಬಿಲ್ಲೆಗಳು ಬೆರಳಿಗೆ ಸಿಗುವಂತೆ ಗುರುತು. ಇದನ್ನು ಯಾವ ಭಾಷೆಯಲ್ಲಿ ಹೇಳಿದರೂ ಮೋಸವೇ. ಉಗುರಿನಿಂದ ಕೆರೆದ. ಕುಂಕುಮ ಉದುರಿತು, ಅರಿಶಿನ ಅಲ್ಲಾಡಲಿಲ್ಲ. ಬಾಯಲ್ಲಿಟ್ಟು ಚೀಪಿದರೆ ಹೋದೀತೇ ಎಂದು ಅವನು ಯೋಚಿಸುತ್ತಿರುವಾಗ ನೊರೀನಳ ಕೈ ಮೇಲೆದ್ದಿತು. ಆಟದ ಹೊರಗೆ ಅವಳು ಬೆಣ್ಣೆಯಂಥ ಹೆಂಗಸು. ಹಲಗೆಯ ಮುಂದೆ ಕೂತರೆ ಸ್ವಂತ ತಂಗಿಯ ಮೇಲೂ ದೂರು ಕೊಟ್ಟವಳು.

"ಬ್ರೀಡಾ, ಬಾ ಇಲ್ಲಿ. ಈ ಬಿಲ್ಲೆಗೆ ಮೊಡವೆ ಎದ್ದಿದೆ."

ಬ್ರೀಡಾ ಬಂದು ಬಿಲ್ಲೆಯನ್ನು ಮೂಸಿದಳು. "ಏನಿದು, ಪಾಪ್ರಿಕಾನಾ?" ಸತ್ಯಪ್ರಕಾಶನ ಬಿಲ್ಲೆಯನ್ನೂ ನೋಡಿದಳು. ಚೀಲವನ್ನು ಮೇಜಿನ ಮೇಲೆ ಸುರಿದು ಉಳಿದ ಎಲ್ಲವನ್ನೂ ಮಗುಚಿ ನೋಡಿದಳು. ಯಾವುದಕ್ಕೂ ಗುರುತಿಲ್ಲ. ಅವಳ ಮುಖ, ಸ್ಟಾಂಪು ಸಾಲದೆ ಬಂದ ಪಾರ್ಸೆಲ್ಲನ್ನು ನೋಡುವಂತಾಯಿತು. ಸುತ್ತಲಿನ ಮೇಜುಗಳಲ್ಲಿ ಆಟ ನಿಂತಿತು.

"ನೂರರಲ್ಲಿ ಎರಡಕ್ಕೆ ಮಾತ್ರ. ಅದೂ ಖಾಲಿ ಎರಡಕ್ಕೆ. ಇದಕ್ಕೆ ಎರಡು ವರ್ಷ ಆಡೋ ಹಾಗಿಲ್ಲ, ಗೊತ್ತಲ್ಲ? ಹೆಸರು ವೆಬ್‌ಸೈಟಲ್ಲಿ ಹಾಕ್ತೀವಿ. ಈಗ ಹೇಳು, ಯಾರ ಕೆಲಸ ಇದು?"

ಸತ್ಯಪ್ರಕಾಶ ಗೋಡೆಯ ಕಡೆ ನೋಡಿದ. ಸಾವಿತ್ರಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಅಳಿಯನ ಸುತ್ತ ಜನ ಸೇರಿದ್ದನ್ನು ಕಂಡು ಗೆದ್ದೇಬಿಟ್ಟ ಎಂದುಕೊಂಡು ಮುಗುಳ್ನಕ್ಕರು. ಅವರ ಕಡೆ ಬೆರಳು ತೋರಿಸಿದರೆ ಇಡೀ ಹಾಲ್ ತಿರುಗಿ ನೋಡುತ್ತದೆ. ಎಪ್ಪತ್ತರ ಹೆಂಗಸನ್ನು ಪರದೇಶದಲ್ಲಿ ಕಳ್ಳಿ ಎಂದು ವಿಚಾರಿಸುತ್ತಾರೆ. ಮಂಜೇಶ ಆಗಲೇ ವಿಡಿಯೋ ಮಾಡುತ್ತಿದ್ದಾನೆ. ಸಂಜೆಗೆ ಅದು ಮೈಸೂರು ತಲುಪುತ್ತದೆ.

"ನಾನೇ ಇಟ್ಟಿದ್ದು" ಎಂದ.

"ಏನಂತೆ?" ಸಾವಿತ್ರಮ್ಮ ಮೊಮ್ಮಗಳನ್ನು ಕೇಳಿದರು.

ಮಾನ್ಯಾ ಅಜ್ಜಿಗಾಗಿ ಕನ್ನಡವನ್ನು ಒಂದೊಂದೇ ಇಟ್ಟಿಗೆಯಂತೆ ಜೋಡಿಸಿದಳು. "ಆ ಕುಂಕುಮ... ಡ್ಯಾಡ್ ಇಟ್ಟಿದ್ದಂತೆ."

ಸಾವಿತ್ರಮ್ಮ ಕಾಫಿಯ ಮುಚ್ಚಳವನ್ನು ವಂದನಾಳ ಕೈಗೆ ಕೊಟ್ಟು ಎದ್ದರು.

"ಇವರಾ? ಕುಂಕುಮಾನಾ? ಯಾವತ್ತು? ಅವತ್ತು ಎದ್ದಿದ್ದೇ ಒಂಬತ್ತಕ್ಕೆ. ಕುಂಬಳಕಾಯಿ ತನ್ನಿ ಅಂದ್ರೆ ಹಲ್ಲು ಬಿಟ್ಕೊಂಡಿರೋ ಕಾಯಿ ತಂದೋರು. ಮಾನ್ಯಾ, ಆಯಮ್ಮಂಗೆ ಹೇಳು. ಇಟ್ಟೋಳು ನಾನು. ಈ ಕೈಯಿಂದ."

"ಅತ್ತೆ, ನೀವು ಸುಮ್ನಿರಿ."

"ಯಾಕ್ ಸುಮ್ನಿರ್ಲಿ? ಮಡಿ ಉಟ್ಟು ಪೂಜೆ ಮಾಡಿದ್ದು ನಾನು, ಹೆಸರು ನಿಮಗಾ? ಹೃಷಿಕೇಶ್ ಯಾವತ್ತಾದ್ರೂ ನಾನು ಮಾಡಿದ ಹುಳಿ ತಾವು ಮಾಡಿದ್ದು ಅಂದಿದಾರಾ?"

ಮಾನ್ಯಾ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿದಳು, ಹುಳಿಯನ್ನೂ ಬಿಡದೆ. ಬ್ರೀಡಾ ನಿಯಮದ ಪುಸ್ತಕ ಮುಚ್ಚಿದಳು.

"ಮೂವತ್ತು ವರ್ಷದಲ್ಲಿ ನಾನು ಮಾಡಿಲ್ಲ ಅಂತ ಜಗಳ ಆಡಿದೋರನ್ನ ನೋಡಿದೀನಿ. ನಾನೇ ಮಾಡಿದ್ದು ಅಂತ ಇಬ್ಬರು ಜಗಳ ಆಡೋದು ಇದೇ ಮೊದಲು."

ಇಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಅಧ್ಯಕ್ಷನಾದವನು ಇಂಥ ಹೊತ್ತಿನಲ್ಲಿ ಸುಮ್ಮನಿದ್ದರೆ ಬಳಗ ಏನೆಂದೀತು? ಮಂಜೇಶ ಮುಂದೆ ಬಂದ.

"ಮೇಡಂ, ಇವರ ಮೇಲೆ ಅನುಮಾನ ಪಡಬೇಡಿ. ಇವರು ಮೇನೂತಲ್ಲಿ ಆಲ್ ಐರ್ಲೆಂಡ್ ಚಾಂಪಿಯನ್ ಆದೋರು."

"ಮೇನೂತಲ್ಲಾ?" ಎಂದಳು ನೊರೀನ್. "ನಾನೇ ಕರ್ಕೊಂಡು ಹೋಗಿದ್ನಲ್ಲ. ಕೊನೇ ಸ್ಥಾನ ಬಂದ. ಗೆದ್ದಿದ್ದು ಒಂದು, ಅದೂ ಸ್ಕೋನ್ ತಿಂತಾ."

ಮಂಜೇಶ ವಿಡಿಯೋ ನಿಲ್ಲಿಸಿದ. ಇಣುಕುತ್ತಿದ್ದ ಪೇಟವನ್ನು ಚೀಲದೊಳಗೆ ಒತ್ತಿದ. ಬಳಗದವರೆಲ್ಲ ಒಮ್ಮೆಗೇ ಕಿಟಕಿಯ ಹೊರಗಿನ ಷ್ಯಾನನ್ ನದಿಯನ್ನು ನೋಡತೊಡಗಿದರು. ಮಾನ್ಯಾ ಅಜ್ಜಿಯ ಕಿವಿಯಲ್ಲಿ ಇದನ್ನೂ ಹೇಳಿದಳು. ಈ ಸಲ ಕನ್ನಡ ತಡವರಿಸಲಿಲ್ಲ. ಸಾವಿತ್ರಮ್ಮ ಅಳಿಯನನ್ನು ನೋಡಿದರು. ಅಳಿಯ ಬಿಲ್ಲೆ ನೋಡಿದ.

"ಒಂದು ಹೇಳಿ" ಎಂದಳು ಬ್ರೀಡಾ ಸಾವಿತ್ರಮ್ಮನವರಿಗೆ. "ಎರಡಕ್ಕೆ ಮಾತ್ರ ಯಾಕೆ ಇಟ್ರಿ?"

"ಮಿಕ್ಕಿದ್ದಕ್ಕೆಲ್ಲ ಏನೋ ಒಂದು ಬರೆದಿದ್ರು. ಇವೆರಡಕ್ಕೇ ಏನೂ ಇರ್ಲಿಲ್ಲ. ಹಬ್ಬದ ದಿನ ಬೋಳು ಮುಖ ಬಿಡಕ್ಕಾಗತ್ತಾ, ಪಾಪ."

ಬ್ರೀಡಾ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ, ಕ್ಲೇರ್ ಕಡೆಯ ತನ್ನ ತಾಯಿ ಪ್ರತಿ ಮೇ ತಿಂಗಳು ಚರ್ಚಿನ ತೀರ್ಥ ತಂದು ಹಸುಗಳಿಗೆ, ಟ್ರ್ಯಾಕ್ಟರಿಗೆ ಚಿಮುಕಿಸುತ್ತಿದ್ದಳೆಂದೂ, ಒಂದು ವರ್ಷ ಊರಿನ ತಂಡದ ಫೈನಲ್ ಪಂದ್ಯದ ದಿನ ರೇಡಿಯೋಗೂ ಚಿಮುಕಿಸಿ ಅದು ಸುಟ್ಟುಹೋಯಿತೆಂದೂ ಹೇಳಿದಳು. "ಎಣಿಸದೆ ಆಡಿಸಿದ್ದು ನನ್ನ ತಪ್ಪು. ನಿಷೇಧ ಏನೂ ಬೇಡ. ಬೇರೆ ಸೆಟ್ ಹುಡುಕಿ ಮೊದಲಿಂದ ಆಡಿ."

"ಆಗಲ್ಲ" ಎಂದಳು ನೊರೀನ್, ಸ್ಟ್ಯಾಂಡಿಗೆ ಎರಡೂ ಕೈ ಅಡ್ಡ ಇಟ್ಟು. "ಹನ್ನೊಂದು ವರ್ಷದಲ್ಲಿ ಇಂಥ ಏಳು ನನಗೆ ಬಂದಿಲ್ಲ. ಇದನ್ನ ಬಿಡಲ್ಲ."

"ಹಾಗಾದ್ರೆ ಗುರುತು ಅಳಿಸ್ಬೇಕು."

ಒರೆಸಿದರು. ಒದ್ದೆ ಟಿಶ್ಯೂ, ಸ್ಯಾನಿಟೈಸರ್, ಕೊನೆಗೆ ಬಾರಿನಿಂದ ವೋಡ್ಕಾ. ಅರಿಶಿನ ಇನ್ನೂ ಹರಡಿತು. ಬ್ರೀಡಾಳ ಹತ್ತೂ ಬೆರಳು ಹಳದಿಯಾದವು. ಸಾವಿತ್ರಮ್ಮ ತಾಳ್ಮೆಯಿಂದ ನೋಡಿದರು. ಆಮೇಲೆ ಕೋಟಿನ ಜೇಬಿನಿಂದ ಪುಟ್ಟ ಕುಂಕುಮದ ಭರಣಿ ತೆಗೆದರು.

"ಅದಕ್ಕೆ ಅಷ್ಟೊಂದು ಯಾಕೆ ಒದ್ದಾಡ್ತೀರಾ. ಮಿಕ್ಕಿದ್ದಕ್ಕೂ ಇಟ್ಟರಾಯ್ತು."

ಬ್ರೀಡಾ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದಳು. ನೂರಕ್ಕೆ ನೂರೂ ಒಂದೇ ಥರ ಇದ್ದರೆ ಅದನ್ನು ಗುರುತು ಎನ್ನಬೇಕೆಂದು ಎಲ್ಲೂ ಬರೆದಿರಲಿಲ್ಲ. ಸಾವಿತ್ರಮ್ಮ ಬ್ರೀಡಾಳ ಉಗುರಿಗಂಟಿದ್ದ ಹಳದಿಯನ್ನೇ ತೇವ ಮಾಡಿಕೊಂಡು ತೊಂಬತ್ತೆಂಟು ಬಿಲ್ಲೆಗಳಿಗೂ ಬೊಟ್ಟಿಟ್ಟರು. ಎ ದರ್ಜೆಯ ಘಟಾನುಘಟಿಗಳು ಆಟ ಮುಗಿಸಿ ಬಂದು ಸುತ್ತ ನಿಂತರು. ಒಬ್ಬ ಮುದುಕ ತನ್ನ ಗಡಿಯಾರಕ್ಕೂ ಒಂದು ಇಟ್ಟುಕೊಡಿ ಎಂದ.

ಆರಕ್ಕೆ ಹಾಲ್ ಬಿಡಬೇಕೆಂದದ್ದು ಯಾರಿಗೂ ನೆನಪಾಗಲಿಲ್ಲ. ನೊರೀನ್ ನೂರ ಅರವತ್ತು ಪಾಯಿಂಟುಗಳಿಂದ ಗೆದ್ದಳು. ಹನ್ನೊಂದು ವರ್ಷ ಕಾದಿದ್ದ ಕಪ್ಪು ಹಿಡಿದು ಅಳುತ್ತ ನಿಂತವಳನ್ನು ಮಂಜೇಶ ನೋಡಿದ. ತಂದ ಶಾಲು ಹಾಗೇ ಮನೆಗೆ ಒಯ್ಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಎರಡು ನಿಮಿಷದಲ್ಲಿ ನೊರೀನಳ ಬಿಳಿ ಕೂದಲ ಮೇಲೆ ಮೈಸೂರು ಪೇಟ ಕೂತಿತು. ರಾತ್ರಿಯೊಳಗೆ ಗ್ರೂಪಿನಲ್ಲಿ ನೂರ ಮೂವತ್ತು ಕಂಗ್ರಾಟ್ಸ್ ಬಂದವು.

ರಾತ್ರಿ ವೈಪರ್ ಹಾಕಿಕೊಂಡು ಮನೆಗೆ ಬಂದರು. ಸಾವಿತ್ರಮ್ಮ ಊಟದಲ್ಲಿ ಎರಡನೆಯ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಸತ್ಯಪ್ರಕಾಶನಿಗೆ ಅಷ್ಟು ಸಾಕಾಗಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅತ್ತೆಯ ಸೂಟ್‌ಕೇಸನ್ನು ಹೊತ್ತು ತಂದು ಡಿಕ್ಕಿಯಲ್ಲಿಟ್ಟ. ಡ್ರೋಹೆಡಾಕ್ಕೆ ಮೂರು ಗಂಟೆ ದಾರಿ. ಅವರು ಕೇಳುವ ಮೊದಲೇ ಬಿಟ್ಟು ಬರುವುದರಲ್ಲಿ ಒಂದಿಷ್ಟು ಮರ್ಯಾದೆ ಉಳಿಯುತ್ತದೆ. ಕಾರಿನ ಸುತ್ತ ಅವನು ಎಂಟನೆಯ ಪ್ರದಕ್ಷಿಣೆ ಹಾಕುತ್ತಿರುವಾಗ ಸಾವಿತ್ರಮ್ಮ ಬಾಗಿಲಿಗೆ ಬಂದರು.

"ಅದನ್ನ ಯಾಕೆ ಹೊತ್ತು ತಂದ್ರಿ?"

"ಡ್ರೋಹೆಡಾಗೆ, ಅತ್ತೆ. ಇವತ್ತು ರಜಾ ಇದೆ. ಟ್ರಾಫಿಕ್ಕೂ ಇರಲ್ಲ."

"ವಂದನಾ ರಾತ್ರಿ ಎಲ್ಲ ಹೇಳಿದ್ಲು. ಆಯಮ್ಮ ನನ್ನ ಬಯ್ತಾಳೆ ಅಂತ ನೀವು 'ನಾನೇ ಇಟ್ಟಿದ್ದು' ಅಂದ್ರಂತೆ."

ಸತ್ಯಪ್ರಕಾಶ ಡಿಕ್ಕಿಯ ಬಾಗಿಲನ್ನು ಮುಚ್ಚಿದ. ಮತ್ತೆ ತೆಗೆದ.

"ಚಾಂಪಿಯನ್ ಅಂತ ಹೇಳಿದ್ದು ಸುಳ್ಳು, ಅದಕ್ಕೆ ನನಗೆ ಇನ್ನೂ ಕೋಪ ಇದೆ" ಎಂದರು ಸಾವಿತ್ರಮ್ಮ. "ಮೈಸೂರಿಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಆದ್ರೆ ಹೃಷಿಕೇಶ್ ಮನೇಲಿ ಒಂದು ಲೋಟ ಒಡೆದ್ರೆ, ಯಾರು ಒಡೆದಿದ್ದು ಅಂತ ಮೊದಲು ಕೇಳೋದು ಅವರೇ. ಸೂಟ್‌ಕೇಸ್ ಮೇಲಕ್ಕೆ ತಗೊಂಡ್ ಹೋಗಿ. ಟಿಕೆಟ್ ದಿನದ ತನಕ ನಾನು ಇಲ್ಲೇ ಇರ್ತೀನಿ."

ಇಪ್ಪತ್ತಮೂರು ಕೆಜಿಯ ಸೂಟ್‌ಕೇಸನ್ನು ಸತ್ಯಪ್ರಕಾಶ ಖಾಲಿ ಪೆಟ್ಟಿಗೆಯಂತೆ ಎತ್ತಿ ಮೆಟ್ಟಿಲು ಹತ್ತತೊಡಗಿದ. ಅರ್ಧ ಹತ್ತಿದಾಗ ಕೆಳಗಿನಿಂದ ಅತ್ತೆಯ ದನಿ ಕೇಳಿಸಿತು.

"ಅಳಿಯಂದಿರೇ, ಇನ್ಮೇಲೆ ಸುಳ್ಳು ಹೇಳೋ ಮುಂಚೆ ನನ್ನನ್ನೂ ಒಂದು ಮಾತು ಕೇಳಿ. ಇಬ್ಬರೂ ಒಂದೇ ಸುಳ್ಳು ಹೇಳೋಣ."